ಸಿಂಹ ಯಾರದ್ದು, ಬೆಕ್ಕಿನ ಮರಿ ಯಾರದ್ದು

ನಮ್ಮ ಪಕ್ಕದ ಮನೆ ಅಜ್ಜನಿಗೆ ಈಗ 84 ವರ್ಷ. ಹೋದ ತಿಂಗಳು ಒಂದು ಶನಿವಾರ ಅವರ ಪೋಸ್ಟು ತಪ್ಪಿ ನಮ್ಮನೆ ಡಬ್ಬಿಗೆ ಬಿದ್ದಿತ್ತು, ಕೊಡೋಕೆ ಹೋದೆ, ಬಾಗಿಲಲ್ಲೇ ನಿಂತು ಕವರ್ ಒಡೆದು ನನಗೂ ತೋರಿಸಿದರು. ಒಳಗೆ ಒಂದು ಚೆಕ್ಕು, 2 ಡಾಲರ್ 14 ಸೆಂಟ್. ಚೆಕ್ಕಿನ ಕೆಳಗೆ ಅಂಟಿಕೊಂಡಿರೋ ಚೀಟಿಯಲ್ಲಿ ಶೋ ಹೆಸರು, ಯಾವ ಎಪಿಸೋಡು, ಒಟ್ಟು ಎಷ್ಟು, ತೆರಿಗೆ ಎಷ್ಟು ಹಿಡಿದ್ರು, ಎಲ್ಲಾ ಸಣ್ಣ ಸಣ್ಣ ಅಕ್ಷರದಲ್ಲಿ ಇತ್ತು. 1978ರಲ್ಲಿ ಇವರು ಒಂದು ಕಾಮಿಡಿ ಶೋನಲ್ಲಿ ಹೋಟೆಲ್ ಸಪ್ಲೈಯರ್ ಪಾತ್ರ ಮಾಡಿದ್ರಂತೆ, ಒಂದೇ ದಿನದ ಕೆಲಸ, ಬಾಯಲ್ಲಿ ಎರಡೇ ಮಾತು. ಆ ಎರಡು ಮಾತಿಗೆ ಇವತ್ತಿಗೂ, ಎಲ್ಲೋ ಯಾವುದೋ ಊರಿನ ಟೀವಿಯಲ್ಲಿ ಆ ಎಪಿಸೋಡ್ ಮತ್ತೆ ಹಾಕಿದ್ರೆ, ದುಡ್ಡು ಬರುತ್ತೆ. ಇಲ್ಲಿ ಅಮೆರಿಕದಲ್ಲಿ ಅದಕ್ಕೆ ರೆಸಿಡ್ಯುಯಲ್ ಅಂತಾರೆ.

ನನಗೆ ಆಶ್ಚರ್ಯ ಆಗಿದ್ದು ದುಡ್ಡಿಗಲ್ಲ. ಆ ಶೋ ಮಾಡಿದ ಕಂಪನಿ ಎಂಟಿಎಂ ಅಂತ, ಮೇರಿ ಟೈಲರ್ ಮೂರ್ ಅನ್ನೋ ನಟಿ ಮತ್ತೆ ಅವರ ಗಂಡ ಗ್ರಾಂಟ್ ಟಿಂಕರ್ ಸೇರಿ 1969ರಲ್ಲಿ ಶುರು ಮಾಡಿದ್ದು. ಎಂಜಿಎಂ ಸಿನಿಮಾ ಶುರುವಲ್ಲಿ ಸಿಂಹ ಘರ್ಜನೆ ಮಾಡುತ್ತಲ್ಲ, ಅದೇ ಥರ ಚಿನ್ನದ ಬಣ್ಣದ ಉಂಗುರದ ಒಳಗೆ ಇವರದ್ದು ಒಂದು ಬೆಕ್ಕಿನ ಮರಿ ಮಿಯಾಂವ್ ಅನ್ನುತ್ತೆ. ಆ ಕಂಪನಿಯನ್ನ 1988ರಲ್ಲಿ ಇಂಗ್ಲೆಂಡಿನ ಒಂದು ಟೀವಿ ಕಂಪನಿ ಕೊಂಡ್ಕೊಳ್ತು, ಅವರಿಂದ 1993ರಲ್ಲಿ ಪ್ಯಾಟ್ ರಾಬರ್ಟ್‌ಸನ್ ಅನ್ನೋ ಕ್ರೈಸ್ತ ಪ್ರಚಾರಕರ ಕಡೆಯ ಕಂಪನಿಗೆ ಹೋಯ್ತು, 1997ರಲ್ಲಿ ರೂಪರ್ಟ್ ಮರ್ಡಾಕ್ ಕೈಗೆ, 2019ರಲ್ಲಿ ಡಿಸ್ನಿ ಕೈಗೆ. ಶುರು ಮಾಡಿದವರೂ ಸೇರಿ ಐದು ಕೈ. ಬೆಕ್ಕಿನ ಮರಿ ಸತ್ತು ಎಷ್ಟೋ ಕಾಲ ಆಗಿದೆ, ಮೇರಿ ಟೈಲರ್ ಮೂರ್ ತೀರಿಕೊಂಡರು, ಕಂಪನಿ ಬೋರ್ಡು ಎಲ್ಲೂ ಇಲ್ಲ, ಆದ್ರೂ 1978ರ ಸಪ್ಲೈಯರ್‌ನ 2 ಡಾಲರ್ 14 ಸೆಂಟ್ ಲೆಕ್ಕ ತಪ್ಪಿಲ್ಲ.

ನಾನು ದಾವಣಗೆರೆಯವನು, ಹನ್ನೊಂದು ವರ್ಷದಿಂದ ಕಲ್ವರ್ ಸಿಟಿಯಲ್ಲಿದ್ದೀನಿ, ಲಾಸ್ ಏಂಜಲೀಸ್‌ಗೆ ಅಂಟಿಕೊಂಡಿರೋ ಊರು. ಕೆಲಸ ಏನಪ್ಪಾ ಅಂದ್ರೆ ಹಳೇ ಟೀವಿ ಶೋ, ಹಳೇ ಸಿನಿಮಾಗಳ ಹಕ್ಕಿನ ಕಾಗದ ನೋಡೋದು. ಒಂದು ಸಣ್ಣ ಆಫೀಸು, ನಾಲ್ಕು ಜನ. ಯಾರಾದ್ರೂ ಹಳೇ ಸಿನಿಮಾ ಕೊಂಡ್ಕೋಬೇಕು ಅಂದ್ರೆ ಮೊದಲಿಂದ ಇಲ್ಲೀವರೆಗೆ ಅದು ಯಾರಿಂದ ಯಾರಿಗೆ ಬಂತು, ನಡುವೆ ಎಲ್ಲಾದ್ರೂ ಕೊಂಡಿ ಕಳಚಿದೆಯಾ ಅಂತ ಹುಡುಕಿ ಕೊಡಬೇಕು. ಇದಕ್ಕೆ ಇಲ್ಲಿ ಚೈನ್ ಆಫ್ ಟೈಟಲ್ ಅಂತಾರೆ. ಊರಲ್ಲಿ ಅಮ್ಮನಿಗೆ ಫೋನಲ್ಲಿ ಇದನ್ನ ಹೇಳೋಕೆ ಒದ್ದಾಡ್ತಿದ್ದೆ, ಕೊನೆಗೆ ನಮ್ಮಪ್ಪನೇ ಪಕ್ಕದಿಂದ ಹೇಳಿದ್ರು, ಅಯ್ಯೋ ಸೈಟು ತಗೊಳ್ಳುವಾಗ ಮದರ್ ಡೀಡು ಇಸಿ ತೆಗೆಸಿ ನೋಡಲ್ವೇನೋ, ಅದೇ ತಾನೆ ಅಂತ. ಅದೇ. ಇಷ್ಟು ಸರಿಯಾಗಿ ನಮ್ಮ ಆಫೀಸಲ್ಲೂ ಯಾರೂ ಹೇಳಿರಲಿಲ್ಲ.

ಆವತ್ತಿಂದ ಒಂದು ವಿಷಯ ತಲೆ ಬಿಟ್ಟು ಹೋಗ್ತಿಲ್ಲ. ನಮ್ಮಲ್ಲಿ ಮೂವತ್ತು ನಲವತ್ತರ ಒಂದು ಸೈಟಿಗೆ ಮೂವತ್ತು ವರ್ಷದ ಇಸಿ ಕೇಳ್ತೀವಿ, ಖಾತೆ ಯಾರ ಹೆಸರಲ್ಲಿದೆ, ಕಂದಾಯ ಕಟ್ಟಿದ್ದಾರಾ, ಮನೆಯ ಹೆಣ್ಮಕ್ಕಳು ಸಹಿ ಹಾಕಿದ್ದಾರಾ, ಎಲ್ಲಾ ಕೆದಕ್ತೀವಿ. ಅದೇ ನಮ್ಮ ಸಿನಿಮಾ, ನೂರಾರು ಜನ ಬೆವರು ಸುರಿಸಿ ಮಾಡಿದ್ದು, ಅದಕ್ಕೆ ಎಷ್ಟೋ ಸಲ ಒಂದು ಪಹಣಿಯಷ್ಟು ಕಾಗದ ಕೂಡ ಸಿಗಲ್ಲ.

ಇಲ್ಲಿನ ಕಥೆ ಎಷ್ಟು ಗೋಜಲು ಅಂತ ನೋಡಬೇಕು ಅಂದ್ರೆ ನಮ್ಮ ಊರಿನ ಎರಡು ಬೀದಿ ನಡೆದರೆ ಸಾಕು. ವಾಷಿಂಗ್ಟನ್ ಬುಲೆವಾರ್ಡ್ ಪಕ್ಕದಲ್ಲಿ ಎತ್ತರದ ಗೋಡೆ, ಆ ಗೋಡೆ ಮೇಲಿಂದ ಒಂದು ದೊಡ್ಡ ಕಾಮನಬಿಲ್ಲಿನ ಕಮಾನು ಕಾಣ್ಸುತ್ತೆ, ಸಂಜೆ ವಾಕಿಂಗ್ ಹೋದಾಗ ನನ್ನ ಮಗಳು ದಿನಾ ಅದನ್ನೇ ನೋಡ್ತಾಳೆ. ಇದು ಸೋನಿ ಸ್ಟುಡಿಯೋ. ಆದ್ರೆ ಕಾಮನಬಿಲ್ಲು ಯಾಕೆ ಅಂದ್ರೆ, 1939ರಲ್ಲಿ ಬಿಡುಗಡೆ ಆದ, ಕಾಮನಬಿಲ್ಲಿನ ಹಾಡಿರೋ ದಿ ವಿಝರ್ಡ್ ಆಫ್ ಆಝ್ ಸಿನಿಮಾ ಚಿತ್ರೀಕರಣ ಆಗಿದ್ದು ಇಲ್ಲೇ, ಆಗ ಇದು ಎಂಜಿಎಂ ಸ್ಟುಡಿಯೋ. 1924ರಲ್ಲಿ ಮಾರ್ಕಸ್ ಲೋ ಅನ್ನೋ ಥಿಯೇಟರ್ ಮಾಲೀಕ ಮೂರು ಕಂಪನಿ ಸೇರಿಸಿ ಮಾಡಿದ್ದು ಎಂಜಿಎಂ, ಮೆಟ್ರೋ ಒಂದು, ಗೋಲ್ಡ್‌ವಿನ್ ಒಂದು, ಮೇಯರ್ ಒಂದು. ಇದರಲ್ಲಿ ಗೋಲ್ಡ್‌ವಿನ್ ಅನ್ನೋ ಹೆಸರು ಹುಟ್ಟಿದ್ದೇ ಕಂಪನಿಗೆ, ಗೋಲ್ಡ್‌ಫಿಶ್ ಅನ್ನೋರು ಮತ್ತೆ ಸೆಲ್ವಿನ್ ಅನ್ನೋ ಅಣ್ಣತಮ್ಮಂದಿರು ಸೇರಿ ಅವರ ಹೆಸರಿನ ಅರ್ಧ ಇವರ ಹೆಸರಿನ ಅರ್ಧ ಜೋಡಿಸಿದ್ರು, ಆಮೇಲೆ ಗೋಲ್ಡ್‌ಫಿಶ್ ಕಂಪನಿ ಹೆಸರನ್ನೇ ತನ್ನ ಹೆಸರು ಮಾಡಿಕೊಂಡರು. ಮೂರೂ ಕಂಪನಿ ಸೇರೋ ಹೊತ್ತಿಗೆ ಅವರು ಅಲ್ಲಿ ಇರಲೇ ಇಲ್ಲ, ಹೊರಗೆ ಹಾಕಿ ಆಗಿತ್ತು. ಹೆಸರು ಮಾತ್ರ ಸಿಂಹದ ಜೊತೆ ನೂರು ವರ್ಷ ಉಳೀತು.

1969ರಲ್ಲಿ ಕರ್ಕ್ ಕರ್ಕೋರಿಯನ್ ಅನ್ನೋ ಲಾಸ್ ವೇಗಸ್ ಹೋಟೆಲ್ ಧಣಿ ಎಂಜಿಎಂ ಕೊಂಡ್ಕೊಂಡರು. ಮುಂದಿನ ವರ್ಷ ಸ್ಟುಡಿಯೋ ಒಳಗಿದ್ದ ಬಟ್ಟೆಬರೆ, ಪೀಠೋಪಕರಣ, ರಥ, ಹಡಗು, ಎಲ್ಲಾ ಹರಾಜು. ಆ ಕಾಮನಬಿಲ್ಲಿನ ಸಿನಿಮಾದ ಹುಡುಗಿ ಹಾಕಿಕೊಂಡಿದ್ದ ಕೆಂಪು ಚಪ್ಪಲಿ 15,000 ಡಾಲರ್‌ಗೆ ಹೋಯ್ತು. ಹೊರಾಂಗಣ ಸೆಟ್ ಇದ್ದ ಜಾಗ ಮಾರಿ ಮನೆಗಳಾದವು, ನನ್ನ ಜೊತೆ ಕೆಲಸ ಮಾಡೋ ಒಬ್ಬರ ಮನೆ ಅಲ್ಲೇ ಇದೆ. 1986ರಲ್ಲಿ ಸಿಎನ್‌ಎನ್ ಚಾನೆಲ್ ಕಟ್ಟಿದ ಟೆಡ್ ಟರ್ನರ್ ಇಡೀ ಕಂಪನಿ ಕೊಂಡು, ಸಾಲ ತಡೆಯೋಕಾಗದೆ ಕೆಲವೇ ತಿಂಗಳಲ್ಲಿ ಹೆಚ್ಚು ಭಾಗ ವಾಪಸ್ ಮಾರಿದರು, ಆದ್ರೆ ಒಂದನ್ನ ಮಾತ್ರ ಬಿಡಲಿಲ್ಲ, ಹಳೇ ಸಿನಿಮಾಗಳ ಭಂಡಾರ. ಆಗ ಎಲ್ಲರೂ ಆತ ಮೋಸ ಹೋದ ಅಂದ್ಕೊಂಡ್ರು. ನನ್ನ ಪ್ರಕಾರ ಆ ಕೋಣೇಲಿ ಸಿನಿಮಾ ಅಂದ್ರೇನು ಅಂತ ಗೊತ್ತಿದ್ದ ಒಬ್ಬನೇ ಮನುಷ್ಯ ಆತ.

ಈಗ ಲೆಕ್ಕ ಹೀಗಿದೆ. ಸಿಂಹ ಅಮೆಜಾನ್‌ದು, 2022ರಲ್ಲಿ 845 ಕೋಟಿ ಡಾಲರ್ ಕೊಟ್ಟು ಎಂಜಿಎಂ ಕೊಂಡ್ಕೊಂಡಿದ್ದಾರೆ. ಸಿಂಹ ಹುಟ್ಟಿ ಬೆಳೆದ ಮನೆ ಸೋನಿದು. 1986ಕ್ಕಿಂತ ಹಿಂದಿನ ಸಿಂಹದ ಸಿನಿಮಾಗಳು ಟರ್ನರ್ ಮೂಲಕ ವಾರ್ನರ್ ಬ್ರದರ್ಸ್‌ದು. ಅಂದ್ರೆ ಆ ಕಾಮನಬಿಲ್ಲಿನ ಕಮಾನಿರೋ ಜಾಗದವರಿಗೆ ಆ ಸಿನಿಮಾ ಮೇಲೆ ಕಿಂಚಿತ್ ಹಕ್ಕಿಲ್ಲ.

ನಾವು ದೂರದಿಂದ ನೋಡಿ ಹಾಲಿವುಡ್ ಕಂಪನಿಗಳು ಹುಟ್ಟುವಾಗಲೇ ದೊಡ್ಡ ಕಾರ್ಪೊರೇಟ್ ಅಂದ್ಕೊಳ್ತೀವಿ. ಖಂಡಿತ ಅಲ್ಲ. ಪ್ಯಾರಾಮೌಂಟ್ ಕಟ್ಟಿದ ಅಡಾಲ್ಫ್ ಝೂಕರ್ ಹಂಗೇರಿಯಿಂದ ಬಂದು ತುಪ್ಪಳದ ಕೋಟು ವ್ಯಾಪಾರ ಮಾಡ್ತಿದ್ದವರು. ಯೂನಿವರ್ಸಲ್‌ನ ಕಾರ್ಲ್ ಲೆಮ್ಲೆ ಜರ್ಮನಿಯ ಲೌಪ್‌ಹೈಮ್ ಊರಿನಿಂದ 1884ರಲ್ಲಿ ಬಂದವರು, ವಿಸ್ಕಾನ್ಸಿನ್‌ನಲ್ಲಿ ಒಂದು ಬಟ್ಟೆ ಅಂಗಡಿ ನೋಡಿಕೊಳ್ತಿದ್ದರು, 1906ರಲ್ಲಿ ಶಿಕಾಗೋದಲ್ಲಿ ಒಂದು ಸಣ್ಣ ಟೆಂಟು ಥಿಯೇಟರ್ ಥರದ್ದು ತೆರೆದರು. ಗೋಲ್ಡ್‌ವಿನ್ ಕೈಗವಸು ಮಾರ್ತಿದ್ದರು, ಮೇಯರ್ ಮನೆಯವರದ್ದು ಗುಜರಿ ವ್ಯಾಪಾರ, ವಾರ್ನರ್ ಅಣ್ಣತಮ್ಮಂದಿರ ಅಪ್ಪ ಚಪ್ಪಲಿ ರಿಪೇರಿ ಮಾಡ್ತಿದ್ದರು. ಬಹುಪಾಲು ಯಹೂದಿ ವಲಸಿಗರು, ಬ್ಯಾಂಕು, ಕಾಲೇಜು, ದೊಡ್ಡ ಕೈಗಾರಿಕೆ ಯಾವುದೂ ಇವರನ್ನ ಒಳಗೆ ಬಿಟ್ಟುಕೊಳ್ತಿರಲಿಲ್ಲ, ಸಿನಿಮಾ ಆಗ ಮರ್ಯಾದಸ್ಥರ ವ್ಯಾಪಾರ ಅಲ್ಲ ಅಂತ ಬಾಗಿಲು ತೆರೆದಿತ್ತು, ನುಗ್ಗಿದರು. ಎಡಿಸನ್ ಕಡೆಯವರು 1908ರಲ್ಲಿ ಪೇಟೆಂಟುಗಳನ್ನೆಲ್ಲ ಒಟ್ಟುಮಾಡಿ ನಮ್ಮ ಲೈಸೆನ್ಸ್ ಇಲ್ದೆ ಯಾರೂ ಕ್ಯಾಮೆರಾ ತಿರುಗಿಸೋ ಹಾಗಿಲ್ಲ ಅಂತ ಕೂತಾಗ ಲೆಮ್ಲೆ ಹೆದರದೆ ಕೇಸು ನಡೆಸಿದರು, 1915ರಲ್ಲಿ ಕೋರ್ಟು ಆ ಕೂಟ ಅಕ್ರಮ ಅಂತು.

ನಮ್ಮ ದೊಡ್ಡಪ್ಪ ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದರು, ಮೆಕ್ಕೆಜೋಳ, ಶೇಂಗಾ. ಅವರೂ 1983ರಲ್ಲಿ ಇನ್ನಿಬ್ಬರ ಜೊತೆ ಸೇರಿ ಒಂದು ಸಿನಿಮಾ ಮಾಡಿದರು. ಲೆಮ್ಲೆ, ಝೂಕರ್ ಕಥೆ ಓದುವಾಗೆಲ್ಲ ನನಗೆ ದೊಡ್ಡಪ್ಪನ ಮುಖವೇ ಬರುತ್ತೆ, ಅದೇ ಗಾದಿ ಮೇಲೆ ಕೂರೋ ವ್ಯಾಪಾರಿ ಬುದ್ಧಿ, ಅದೇ ಹುಚ್ಚು ಧೈರ್ಯ, ನೂರು ಜನ ಒಂದೇ ಕತ್ತಲಲ್ಲಿ ಕೂತು ಒಟ್ಟಿಗೆ ನಗೋದು ನೋಡಿದ್ರೆ ಸಾಕು ಅನ್ನೋ ಆಸೆ. ಸಿನಿಮಾ ಗಾಂಧಿನಗರದಲ್ಲಿ ನಾಲ್ಕು ವಾರ ಓಡ್ತು, ನಮ್ಮೂರಲ್ಲಿ ಆರು ವಾರ. ಹಾಕಿದ ದುಡ್ಡು ಪೂರ್ತಿ ಬರಲಿಲ್ಲ. ಫೈನಾನ್ಷಿಯರ್ ಹತ್ರ ಬಡ್ಡಿ ಬೆಳೀತು, ನೆಗೆಟಿವ್ ಮದ್ರಾಸಿನ ಲ್ಯಾಬಲ್ಲಿ, ಲ್ಯಾಬ್ ಲೆಟರ್ ಫೈನಾನ್ಷಿಯರ್ ಕೈಲಿ, ಅವರು ಹೂಂ ಅಂದ್ರೆ ಮಾತ್ರ ಪ್ರಿಂಟ್ ಹೊರಗೆ. ಆಮೇಲೆ ಒಂದು ದಿನ ಒಟ್ಟು ಮೊತ್ತ ಅಂತ ಏನೋ ಕೊಟ್ಟು ಹಕ್ಕನ್ನ ಔಟ್‌ರೈಟ್ ಆಗಿ ಬರೆಸಿಕೊಂಡ್ರು ಅಂತ ಮನೇಲಿ ಮಾತು. ಯಾರು ಬರೆಸಿಕೊಂಡ್ರು, ಎಷ್ಟು ವರ್ಷಕ್ಕೆ, ಆಡಿಯೋ ಸೇರಿನಾ ಬಿಟ್ಟಾ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ದೊಡ್ಡಪ್ಪ 2004ರಲ್ಲಿ ತೀರಿಕೊಂಡರು. ಮನೇಲಿ ಉಳಿದಿದ್ದು ಆ ಸಿನಿಮಾದ ಪದ್ಯಾವಳಿ ಒಂದೇ, ಎಂಟು ಪುಟ, ಥಿಯೇಟರ್ ಗೇಟಲ್ಲಿ ಎಂಟಾಣೆಗೆ ಮಾರ್ತಿದ್ದದ್ದು, ಹಸಿರು ಶಾಯಿ, ಪಿನ್ನು ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಬಿದ್ದಿದೆ. ಮೊದಲ ಪುಟದಲ್ಲಿ ನಮ್ಮ ಮನೆದೇವರ ಹೆಸರಿನ ಬ್ಯಾನರ್, ಕೊನೇ ಪುಟದಲ್ಲಿ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿದೆ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಎರಡು ವರ್ಷದ ಹಿಂದೆ ಅದೇ ಸಿನಿಮಾದ ಒಂದು ಹಾಡು ಯೂಟ್ಯೂಬಲ್ಲಿ ಕಾಣಿಸ್ತು, ಮೂಲೇಲಿ ಯಾರದ್ದೋ ವಾಟರ್‌ಮಾರ್ಕು, ಲಕ್ಷಾಂತರ ವ್ಯೂಸು. ದೊಡ್ಡಮ್ಮ ಮೊಬೈಲಲ್ಲಿ ಅದನ್ನ ನೋಡಿ ಅತ್ತರು, ಸಂತೋಷಕ್ಕೇ ಅತ್ತಿದ್ದು, ಆದ್ರೆ ನನಗೆ ಹೊಟ್ಟೇಲಿ ಬೆಂಕಿ ಇಟ್ಟ ಹಾಗಾಯ್ತು.

ಇಲ್ಲಿ ಎಲ್ಲ ಚೆನ್ನಾಗಿದೆ, ನಮ್ಮಲ್ಲಿ ಎಲ್ಲ ಕೆಟ್ಟದು ಅಂತ ಬರೀತಿದ್ದೀನಿ ಅಂದ್ಕೋಬೇಡಿ. ಅಣ್ಣತಮ್ಮಂದಿರ ಪಾಲಿನ ಜಗಳ ಇಲ್ಲೂ ಅದೇ. ವಾರ್ನರ್ ಬ್ರದರ್ಸ್ ನಾಲ್ಕು ಜನ, ಹ್ಯಾರಿ, ಆಲ್ಬರ್ಟ್, ಸ್ಯಾಮ್, ಜ್ಯಾಕ್. 1923ರಲ್ಲಿ ಕಂಪನಿ. ಮಾತಾಡೋ ಸಿನಿಮಾ ಮಾಡಲೇಬೇಕು ಅಂತ ಹಠ ಹಿಡಿದು ಓಡಾಡಿದ್ದು ಸ್ಯಾಮ್, 1927ರ ಅಕ್ಟೋಬರ್ 6ಕ್ಕೆ ಅವರ ದಿ ಜಾಝ್ ಸಿಂಗರ್ ಬಿಡುಗಡೆ, ಹಿಂದಿನ ದಿನವೇ ಸ್ಯಾಮ್ ತೀರಿಕೊಂಡರು, ಅಣ್ಣತಮ್ಮಂದಿರು ಆ ಬಿಡುಗಡೆಗೆ ಹೋಗಲೂ ಆಗಲಿಲ್ಲ. 1956ರಲ್ಲಿ ಉಳಿದ ಮೂವರೂ ಸೇರಿ ಪಾಲು ಮಾರೋಣ ಅಂತ ಒಪ್ಪಿಕೊಂಡರು, ಮಾರಿದರು, ಆಮೇಲೆ ನೋಡಿದ್ರೆ ಜ್ಯಾಕ್ ಒಳಗಿಂದೊಳಗೇ ಕೊಂಡವರ ಜೊತೆ ಮಾತಾಡಿಕೊಂಡು ತನ್ನ ಪಾಲು ವಾಪಸ್ ತಗೊಂಡು ತಾನೇ ಅಧ್ಯಕ್ಷ ಆಗಿದ್ದ. ಅಣ್ಣ ಹ್ಯಾರಿ ಅದರಿಂದ ಚೇತರಿಸಿಕೊಳ್ಳಲೇ ಇಲ್ಲ, 1958ರಲ್ಲಿ ಹೋದರು, ಜ್ಯಾಕ್ ಮಣ್ಣಿಗೂ ಬರಲಿಲ್ಲ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೋಡಿರೋ ಕಥೆಯೇ.

ಅದೇ 1956ರಲ್ಲಿ ಇನ್ನೊಂದು ಕೆಲಸ ಮಾಡಿದರು. 1950ಕ್ಕಿಂತ ಹಿಂದಿನ ತಮ್ಮ ಸಿನಿಮಾಗಳನ್ನೆಲ್ಲ 210 ಲಕ್ಷ ಡಾಲರ್‌ಗೆ ಮಾರಿಬಿಟ್ಟರು, ಹಳೇ ಸಿನಿಮಾ ಯಾರಿಗೆ ಬೇಕು ಅನ್ನೋ ಲೆಕ್ಕ. ಕೊಂಡವರು ಟೀವಿಗೆ ಬಾಡಿಗೆ ಕೊಟ್ಟು ದುಡ್ಡು ಬಾಚಿದರು. ಆ ಭಂಡಾರ ಅಲ್ಲಿಂದ ಯುನೈಟೆಡ್ ಆರ್ಟಿಸ್ಟ್ಸ್‌ಗೆ, 1981ರಲ್ಲಿ ಎಂಜಿಎಂಗೆ, 1986ರಲ್ಲಿ ಟರ್ನರ್‌ಗೆ, 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿದಾಗ ಸುತ್ತಿ ಬಳಸಿ ವಾರ್ನರ್ ಮನೆಗೇ ವಾಪಸ್. ನಲವತ್ತು ವರ್ಷ ಊರೂರು ಅಲೆದು ಬಂದ ಹಾಗೆ. ಪ್ಯಾರಾಮೌಂಟ್ ಅದೇ ತಪ್ಪು 1958ರಲ್ಲಿ ಮಾಡ್ತು, ಅವರದ್ದು ವಾಪಸ್ ಬರಲೇ ಇಲ್ಲ, 1930, 40ರ ದಶಕದ ನೂರಾರು ಪ್ಯಾರಾಮೌಂಟ್ ಸಿನಿಮಾ ಶುರುವಲ್ಲಿ ಅವರ ಲಾಂಛನದ ಬೆಟ್ಟ ಕಾಣ್ಸುತ್ತೆ, ಮಾಲೀಕರು ಮಾತ್ರ ಯೂನಿವರ್ಸಲ್. ಔಟ್‌ರೈಟ್ ಬರೆದುಕೊಟ್ಟು ಕೈ ತೊಳೆದುಕೊಂಡಿದ್ದು ನಮ್ಮ ದೊಡ್ಡಪ್ಪ ಒಬ್ಬರೇ ಅಲ್ಲ. ವ್ಯತ್ಯಾಸ ಏನು ಅಂದ್ರೆ ಇವರು ಮಾರಿದ ಪ್ರತಿ ಹೆಜ್ಜೆಯ ಕಾಗದ ಇದೆ, ಹಾಗಾಗಿ ಸಿನಿಮಾ ದಾರಿ ತಪ್ಪಿ ಕಳೆದುಹೋಗಲಿಲ್ಲ.

ಕಾಗದಕ್ಕೆ ಎಷ್ಟು ನೆನಪು ಅಂದ್ರೆ, ವಾಲ್ಟ್ ಡಿಸ್ನಿ ಮಿಕ್ಕಿ ಮೌಸ್‌ಗಿಂತ ಮುಂಚೆ ಆಸ್ವಾಲ್ಡ್ ಅಂತ ಒಂದು ಮೊಲ ಮಾಡಿದ್ದರು, 1928ರಲ್ಲಿ ಮಾತುಕತೆಗೆ ಹೋದಾಗ ಗೊತ್ತಾಯ್ತು ಒಪ್ಪಂದದ ಪ್ರಕಾರ ಮೊಲ ಯೂನಿವರ್ಸಲ್‌ದು, ಬರಿಗೈಲಿ ವಾಪಸ್ ಬಂದರು. 2006ರಲ್ಲಿ, 78 ವರ್ಷ ಆದ್ಮೇಲೆ, ಡಿಸ್ನಿ ಕಂಪನಿ ಆ ಮೊಲವನ್ನ ವಾಪಸ್ ಪಡೀತು, ಬದಲಿಗೆ ತಮ್ಮ ಕಡೆಯ ಆಲ್ ಮೈಕಲ್ಸ್ ಅನ್ನೋ ಹೆಸರಾಂತ ಕ್ರೀಡಾ ಕಾಮೆಂಟೇಟರ್ ಆಚೆ ಕಡೆ ಹೋಗೋಕೆ ಬಿಟ್ಟುಕೊಟ್ಟರು. ಸ್ವಂತ ಹಕ್ಕು ಕೈಲಿಲ್ಲದೆ ಗೆರೆ ಎಳೆಯಬಾರದು ಅಂತ ವಾಲ್ಟ್ ಕಲಿತದ್ದು ಆ ಮೊಲದಿಂದ.

ಇನ್ನು ಮಾಲೀಕರ ವಿಷಯ. ಕೊಂಡವರ ಪಟ್ಟಿ ನೋಡಿದ್ರೆ ಸಿನಿಮಾಕ್ಕೂ ಇವರಿಗೂ ಏನು ಸಂಬಂಧ ಅನ್ಸುತ್ತೆ. ವಾರ್ನರ್ ಬ್ರದರ್ಸನ್ನ 1969ರಲ್ಲಿ ಕೊಂಡ ಕಿನ್ನೀ ಕಂಪನಿ ಬೆಳೆದಿದ್ದು ಕಾರ್ ಪಾರ್ಕಿಂಗ್ ಮತ್ತೆ ಶವಸಂಸ್ಕಾರದ ವ್ಯವಹಾರದಿಂದ, ಪ್ಯಾರಾಮೌಂಟ್ ಕೊಂಡ ಗಲ್ಫ್ ಅಂಡ್ ವೆಸ್ಟರ್ನ್ ಮೊದಲು ಕಾರಿನ ಬಂಪರ್ ಮಾಡ್ತಿತ್ತು, ಕೊಲಂಬಿಯಾವನ್ನ 1982ರಲ್ಲಿ ಕೋಕಾ ಕೋಲಾ ಕೊಂಡು 1989ರಲ್ಲಿ ಸೋನಿಗೆ ಮಾರ್ತು, ಯೂನಿವರ್ಸಲ್ ಅಂತೂ ಟೀವಿ ಸೆಟ್ ಮಾಡೋರು, ವಿಸ್ಕಿ ಮಾಡೋರು, ಫ್ರಾನ್ಸಿನಲ್ಲಿ ನೀರು ಸರಬರಾಜಿನಿಂದ ಬೆಳೆದೋರು, ಬಲ್ಬು ಮಾಡೋರು ಎಲ್ಲರ ಮನೆ ಸುತ್ತಿ ಈಗ ಕಾಮ್‌ಕ್ಯಾಸ್ಟ್ ಅನ್ನೋ ಕೇಬಲ್ ಕಂಪನಿ ಹತ್ರ ಇದೆ. ಪ್ಯಾರಾಮೌಂಟ್ 2025ರ ಆಗಸ್ಟ್‌ನಲ್ಲಿ ಸ್ಕೈಡ್ಯಾನ್ಸ್ ಅನ್ನೋ ಸಿನಿಮಾ ಕಂಪನಿ ಕೈಗೆ ಹೋಯ್ತು. ಅದೇ ವರ್ಷದ ಕೊನೆಗೆ ವಾರ್ನರ್ ಮತ್ತೆ ಮಾರಾಟಕ್ಕೆ ನಿಂತು ದೊಡ್ಡ ದೊಡ್ಡೋರ ಪೈಪೋಟಿ ಶುರುವಾಯ್ತು, ನಮ್ಮ ಬೀದಿಯ ಕಾಫಿ ಅಂಗಡೀಲಿ ವಾರಗಟ್ಟಲೆ ಬೇರೆ ಮಾತೇ ಇರಲಿಲ್ಲ, ಕೆಲಸ ಹೋಗುತ್ತಾ ಉಳಿಯುತ್ತಾ ಅಷ್ಟೇ.

ನನಗೆ ಎಲ್ಲಕ್ಕಿಂತ ಬೇಜಾರು ಆಗೋದು ವಿಲಿಯಂ ಫಾಕ್ಸ್ ಕಥೆ. ಹಂಗೇರಿಯಲ್ಲಿ ಹುಟ್ಟಿ ನ್ಯೂಯಾರ್ಕಲ್ಲಿ ಬಡತನದಲ್ಲಿ ಬೆಳೆದು 1915ರಲ್ಲಿ ಫಾಕ್ಸ್ ಫಿಲ್ಮ್ ಕಟ್ಟಿದರು, 1930ರಲ್ಲಿ ಸಾಲ ಕೊಟ್ಟವರ ಕೈಗೆ ಸಿಕ್ಕಿ ಕಂಪನಿ ಕಳ್ಕೊಂಡರು, ದಿವಾಳಿ ಕೇಸಲ್ಲಿ ಜಡ್ಜಿಗೆ ಲಂಚ ಕೊಟ್ಟು ಜೈಲಿಗೂ ಹೋದರು. ಅವರಿಲ್ಲದೆ 1935ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಹುಟ್ಟಿತು. 1985ರಲ್ಲಿ ಮರ್ಡಾಕ್ ಬಂದರು, ಫಾಕ್ಸ್ ಹೆಸರಲ್ಲಿ ಟೀವಿ ಚಾನೆಲ್ ಮಾಡಿದರು, ಆಮೇಲೆ ನ್ಯೂಸ್ ಚಾನೆಲ್. 2019ರಲ್ಲಿ ಸ್ಟುಡಿಯೋ ಡಿಸ್ನಿಗೆ ಮಾರಾಟ, ಮರುವರ್ಷ ಡಿಸ್ನಿಯವರು ಸ್ಟುಡಿಯೋ ಹೆಸರಿಂದ ಫಾಕ್ಸ್ ಕಿತ್ತುಹಾಕಿದರು. ಈಗ ಆ ಮನುಷ್ಯನ ಹೆಸರು ಅವರು ಮಾಡಿದ ಸಿನಿಮಾ ಕಂಪನಿ ಮೇಲೆ ಇಲ್ಲ, ಕನಸಲ್ಲೂ ನೆನೆಸದ ನ್ಯೂಸ್ ಚಾನೆಲ್ ಮೇಲೆ ಇದೆ.

ಆ 2019ರ ಮಾರಾಟ ನಮ್ಮ ಮನೆಗೂ ಬಂತು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಮರ್ಡಾಕ್ ಮಾರಿದ 7,130 ಕೋಟಿ ಡಾಲರ್ ಗಂಟಿನೊಳಗೆ ಸ್ಟಾರ್ ಇಂಡಿಯಾನೂ ಇತ್ತು, ಅದರೊಳಗೆ ಸ್ಟಾರ್ ಸುವರ್ಣ. ಅಂದ್ರೆ ನಮ್ಮಮ್ಮ ದಾವಣಗೆರೆಯಲ್ಲಿ ಸಂಜೆ ದೀಪ ಹಚ್ಚಿ ಕೂತು ನೋಡೋ ಚಾನೆಲ್‌ಗೆ ಐದು ವರ್ಷ ಡಿಸ್ನಿ ಆಫೀಸಿರೋ ಬರ್ಬ್ಯಾಂಕ್‌ನವರು ಧಣಿ, ನನ್ನ ಮನೆಯಿಂದ ಮೂವತ್ತು ನಲವತ್ತು ನಿಮಿಷದ ಡ್ರೈವು. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಕೂಡಿಕೊಂಡು ಜಿಯೋಸ್ಟಾರ್ ಆಯ್ತು, ರಾಮೋಜಿ ರಾವ್ ಅವರ ಈಟೀವಿ ಕನ್ನಡ ಆಗಿ ಶುರುವಾದ ಕಲರ್ಸ್ ಕನ್ನಡ ಮತ್ತೆ ಸುವರ್ಣ ಎರಡೂ ಈಗ ಒಂದೇ ಮನೇಲಿ. ಅಮ್ಮನಿಗೆ ಹೇಳಿದೆ, ಹಂಗಾದ್ರೆ ಎರಡರಲ್ಲೂ ಒಂದೇ ಹೊತ್ತಿಗೆ ಒಳ್ಳೇ ಸೀರಿಯಲ್ ಹಾಕೋದಾದ್ರೂ ಬಿಡ್ತಾರೇನೋ ಕೇಳು ಅಂದ್ರು.

ನಮ್ಮ ಬ್ಯಾನರ್‌ಗಳಲ್ಲಿ ನನಗೆ ಪ್ರೀತಿ ಇರೋದೇ ಇದಕ್ಕೆ, ಮಾಲೀಕರಿಗೆ ಒಂದು ಮುಖ ಇರುತ್ತೆ. ವಜ್ರೇಶ್ವರಿ ಅಂದ್ರೆ ಪಾರ್ವತಮ್ಮ ರಾಜ್‌ಕುಮಾರ್. ಈಶ್ವರಿ ಅಂದ್ರೆ ವೀರಾಸ್ವಾಮಿ. ಮೈಸೂರಿನ ಮಹಾತ್ಮ ಪಿಕ್ಚರ್ಸ್ ಅಂದ್ರೆ ಶಂಕರ್‌ಸಿಂಗ್. ಹೊಂಬಾಳೆ ಅನ್ನೋ ಹೆಸರು ಬಂದಿದ್ದು ಕಿರಗಂದೂರು ಮನೆತನ ನಡ್ಕೊಳ್ಳೋ ದೇವರು ಹೊಂಬಾಳಮ್ಮನಿಂದ. ಪುನೀತ್ ತಮ್ಮ ಬ್ಯಾನರ್‌ಗೆ ಪಿಆರ್‌ಕೆ ಅಂತ ಇಟ್ಟಿದ್ದು ಅಮ್ಮನ ಹೆಸರು, ಪುನೀತ್ ಹೋದಮೇಲೆ ಹೆಂಡತಿ ಅಶ್ವಿನಿ ಅವರು ನಡೆಸ್ತಿದ್ದಾರೆ. ಸಂಬಳ ಬಂದಿಲ್ಲ ಅಂದ್ರೆ ಮನೆ ಬಾಗಿಲಿಗೆ ಹೋಗಿ ಅಮ್ಮಾ ಅಂತ ಕೂಗಬಹುದು. ಇಲ್ಲಿ ಯಾರನ್ನ ಕೂಗೋದು? 2022ರಲ್ಲಿ ವಾರ್ನರ್ ಡಿಸ್ಕವರಿ ಜೊತೆ ಸೇರಿದ ಕೆಲವೇ ತಿಂಗಳಿಗೆ ಬ್ಯಾಟ್‌ಗರ್ಲ್ ಅನ್ನೋ ಸಿನಿಮಾನ, ಚಿತ್ರೀಕರಣ ಮುಗಿದು ಎಡಿಟಿಂಗ್ ನಡೀತಿದ್ದಾಗ, ಬಿಡುಗಡೇನೇ ಮಾಡಲ್ಲ ಅಂತ ತೆರಿಗೆ ಲೆಕ್ಕಕ್ಕೆ ನಷ್ಟ ತೋರಿಸಿ ಹೂತುಬಿಟ್ಟರು. ನಮ್ಮಲ್ಲಿ ಸಾಲಕ್ಕೆ ಸಿಕ್ಕಿ ಡಬ್ಬಿಯಲ್ಲೇ ಉಳಿದ ಸಿನಿಮಾ ಬೇಕಾದಷ್ಟಿವೆ, ಆದ್ರೆ ಕೈಲಿರೋ ಸಿನಿಮಾನ ಲೆಕ್ಕದ ಲಾಭಕ್ಕೆ ಕೊಂದ ನಿರ್ಮಾಪಕ ಒಬ್ಬರನ್ನೂ ನಾನು ಕೇಳಿಲ್ಲ. ಹೆಂಡ್ತಿ ಸರ ಅಡ ಇಟ್ಟಾದ್ರೂ ಒಂದು ಶೋ ಹಾಕ್ತಾರೆ. ಈ ಮನಸ್ಸು ನಮ್ಮಿಂದ ಹೋಗಬಾರದು.

ಇಲ್ಲಿನ ನಟಿ ಲೂಸಿಲ್ ಬಾಲ್ ಕಥೆ ಓದುವಾಗ ನನಗೆ ಪಾರ್ವತಮ್ಮನವರೇ ನೆನಪಾಗೋದು. 1951ರಲ್ಲಿ ಲೂಸಿ ಮತ್ತೆ ಗಂಡ ಡೆಸಿ ಆರ್ನಾಝ್ ಟೀವಿ ಶೋ ಮಾಡಬೇಕು ಅಂದಾಗ ಹೆಚ್ಚಿನ ಶೋ ನ್ಯೂಯಾರ್ಕಿಂದ ನೇರಪ್ರಸಾರ, ಇವರು ಇಲ್ಲೇ ಲಾಸ್ ಏಂಜಲೀಸಲ್ಲಿ ಮೂರು ಕ್ಯಾಮೆರಾ ಇಟ್ಟು ಫಿಲ್ಮಲ್ಲೇ ತೆಗೀತೀವಿ ಅಂದ್ರು, ಖರ್ಚು ಜಾಸ್ತಿ ಅಂತ ಚಾನೆಲ್‌ನವರು ಗೊಣಗಿದರು, ಸರಿ ನಮ್ಮ ಸಂಬಳ ಕಮ್ಮಿ ಮಾಡಿ ಆದ್ರೆ ಫಿಲ್ಮು ನಮ್ಮದು ಅಂದ್ರು. ಒಂದು ಸಲ ಪ್ರಸಾರ ಆದ ಶೋಗೆ ಬೆಲೆ ಏನಿದೆ ಅಂತ ಅವರು ಒಪ್ಪಿಕೊಂಡರು. ಕೆಲವೇ ವರ್ಷಕ್ಕೆ ಅದೇ ಎಪಿಸೋಡುಗಳನ್ನ ಅದೇ ಚಾನೆಲ್ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡ್ಕೋಬೇಕಾಯ್ತು, ಇವರು 1957ರಲ್ಲಿ ಆರ್‌ಕೆಒ ಸ್ಟುಡಿಯೋ ಜಾಗಗಳನ್ನೇ ಕೊಂಡರು, ಅದರಲ್ಲಿ ಒಂದು ನಮ್ಮೂರಲ್ಲಿದೆ, ಬಿಳೀ ಕಂಬದ ಬಂಗಲೆ, ಈಗ ಅಮೆಜಾನ್‌ನವರು ಬಾಡಿಗೆಗಿದ್ದಾರೆ. 1962ರಲ್ಲಿ ಲೂಸಿ ಡೆಸಿ ಪಾಲನ್ನೂ ಕೊಂಡು ಒಬ್ಬರೇ ಕಂಪನಿ ನಡೆಸಿದರು. ಇತ್ತ ಪಾರ್ವತಮ್ಮ 70ರ ದಶಕದಲ್ಲಿ ನಿರ್ಮಾಣಕ್ಕೆ ಇಳಿದು ಸುಮಾರು 80 ಸಿನಿಮಾ ಮಾಡಿದರು, ಕಥೆ ಆಯ್ಕೆಯಿಂದ ಹಂಚಿಕೆವರೆಗೆ ಅವರೇ, ಹಂಚಿಕೆದಾರರ ಲೆಕ್ಕದ ಪುಸ್ತಕ ಅವರ ಕಣ್ಣು ತಪ್ಪಿಸಿ ಹೋಗ್ತಿರಲಿಲ್ಲ ಅಂತ ಗಾಂಧಿನಗರದಲ್ಲಿ ಇವತ್ತಿಗೂ ಹೇಳ್ತಾರೆ. ಅಡುಗೆಮನೆ ಡಬ್ಬಿ ಲೆಕ್ಕ ಇಟ್ಟ ಹಾಗೆ ಫಿಲ್ಮ್ ಡಬ್ಬಿ ಲೆಕ್ಕ ಇಟ್ಟರು. ಇಬ್ಬರಿಗೂ ಅರ್ಥ ಆಗಿತ್ತು, ಇವತ್ತಿನ ಕಲೆಕ್ಷನ್ ಅಲ್ಲ, ನಾಳೆಗೂ ಫಿಲ್ಮು ಯಾರ ಕೈಲಿರುತ್ತೆ ಅನ್ನೋದೇ ವಿಷಯ.

ಇಲ್ಲಿ ಸರ್ಕಾರವೂ ಒಂದು ಕಾಲದಲ್ಲಿ ಇದನ್ನ ಅರ್ಥ ಮಾಡ್ಕೊಂಡಿತ್ತು. 1970ರಲ್ಲಿ ಒಂದು ನಿಯಮ ತಂದರು, ದೊಡ್ಡ ಮೂರು ಚಾನೆಲ್‌ಗಳು ತಾವು ತೋರಿಸೋ ಹೊರಗಿನವರ ಶೋಗಳ ಮಾಲೀಕತ್ವ ಇಟ್ಕೋಬಾರದು, ಮರುಪ್ರಸಾರದ ಲಾಭದಲ್ಲಿ ಕೈ ಹಾಕಬಾರದು ಅಂತ. ಬೆಕ್ಕಿನ ಮರಿಯ ಎಂಟಿಎಂ ಬೆಳೆದಿದ್ದು, ನಾರ್ಮನ್ ಲಿಯರ್ ಅಂಥ ಟೀವಿ ನಿರ್ಮಾಪಕರು ಬೆಳೆದಿದ್ದು ಆ ನೆರಳಲ್ಲಿ. 1993ರಲ್ಲಿ ಕೋರ್ಟು, ಟೀವಿ ನಿಯಮ ಮಾಡೋ ಸರ್ಕಾರಿ ಆಯೋಗ ಸೇರಿ ಆ ನಿಯಮ ಸಡಿಲ ಮಾಡಿದರು, ಕೆಲವೇ ವರ್ಷದಲ್ಲಿ ಸಣ್ಣ ಕಂಪನಿಗಳು ಒಂದೊಂದಾಗಿ ದೊಡ್ಡವರ ಹೊಟ್ಟೆ ಸೇರಿದವು. ಈಗ ಸ್ಟ್ರೀಮಿಂಗ್‌ನವರು ಬಂದು ಖರ್ಚಿನ ಮೇಲೆ ಇಷ್ಟು ಅಂತ ಕೊಟ್ಟು ಹಕ್ಕೆಲ್ಲ ಬರೆಸಿಕೊಳ್ತಾರೆ, 2023ರಲ್ಲಿ ಬರಹಗಾರರು, ನಟರು ತಿಂಗಳುಗಟ್ಟಲೆ ಮುಷ್ಕರ ಕೂತಿದ್ದು ಇದೇ ರೆಸಿಡ್ಯುಯಲ್ ವಿಷಯವೂ ಸೇರಿ. ಆ ಅಜ್ಜ ಕೂಡ ಒಂದು ದಿನ ಮಡಚೋ ಕುರ್ಚಿ ತಗೊಂಡು ಸೋನಿ ಗೇಟ್ ಮುಂದೆ ಹೋಗಿ ಕೂತಿದ್ದರು, ನಾನೇ ಮಧ್ಯಾಹ್ನ ಮಜ್ಜಿಗೆ ತಗೊಂಡು ಹೋಗಿದ್ದೆ. ನಮ್ಮ ಕನ್ನಡ ಸೀರಿಯಲ್, ವೆಬ್ ಸೀರೀಸ್ ಮಾಡೋರು ಇದನ್ನ ಗಮನ ಇಟ್ಟು ನೋಡಬೇಕು. ಎಪಿಸೋಡಿಗೆ ಇಷ್ಟು ಅಂತ ತಗೊಂಡು ಎಲ್ಲ ಬರೆದುಕೊಟ್ಟರೆ ನಾಳೆ ನಮ್ಮ ಕಥೆ ನಮ್ಮದಲ್ಲ.

ಫಿಲ್ಮ್ ಚೇಂಬರ್‌ನಲ್ಲಿ ಟೈಟಲ್ ನೋಂದಣಿಗೆ ಎಷ್ಟು ಜಗಳ ಆಡ್ತೀವಿ, ಆ ಹೆಸರು ನಂದು ಈ ಹೆಸರು ನಂದು ಅಂತ. ಆ ಜಾಗ್ರತೆಯ ಅರ್ಧದಷ್ಟು ಹಕ್ಕಿನ ವರ್ಗಾವಣೆಗೆ ಇಟ್ಟರೆ ಸಾಕು. ಸಿನಿಮಾ ಮಾರಿದಾಗ ಯಾರಿಂದ ಯಾರಿಗೆ, ಯಾವ ಹಕ್ಕು, ಎಷ್ಟು ವರ್ಷಕ್ಕೆ, ನೆಗೆಟಿವ್ ಎಲ್ಲಿದೆ, ಇಷ್ಟನ್ನ ಬರೆದಿಡೋ ಒಂದು ದಫ್ತರ. ಮ್ಯುಟೇಶನ್ ಆದ ಹಾಗೆ. ನಮ್ಮ ಕಾಯ್ದೆ ಪ್ರಕಾರ ಸಿನಿಮಾ ಹಕ್ಕು ಬಿಡುಗಡೆ ಆದಮೇಲೆ 60 ವರ್ಷ ಇರುತ್ತೆ, ಅಂದ್ರೆ 1983ರ ಸಿನಿಮಾಕ್ಕೆ 2043ರ ತನಕ ಯಾರೋ ಒಬ್ಬರು ಮಾಲೀಕರು ಇದ್ದೇ ಇದ್ದಾರೆ, ಅವರು ಯಾರು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ 1934ರದ್ದು, ಕೊಲ್ಹಾಪುರದಲ್ಲಿ ತೆಗೆದಿದ್ದು, ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಇವರೂ ಕಳ್ಕೊಂಡಿದ್ದಾರೆ, 1937ರಲ್ಲಿ ನ್ಯೂಜೆರ್ಸಿಯ ಗೋದಾಮಿಗೆ ಬೆಂಕಿ ಬಿದ್ದು ಫಾಕ್ಸ್ ಅವರ ಮೂಕಿ ಸಿನಿಮಾಗಳ ಬಹುಪಾಲು ಸುಟ್ಟುಹೋಯ್ತು. ಆದ್ರೆ ಹಳೇದಕ್ಕೆ ಬೆಲೆ ಇದೆ ಅಂತ ಗೊತ್ತಾದ ದಿನದಿಂದ ಡಬ್ಬಿಗಳನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದ್ದಾರೆ.

ಆ ಚೆಕ್ಕು ನೋಡಿದ ರಾತ್ರಿ ಊರಿಗೆ ಫೋನ್ ಮಾಡಿ ದೊಡ್ಡಪ್ಪನ ಮಗ, ನಮ್ಮಣ್ಣನಿಗೆ, ಅಟ್ಟದ ಮೇಲಿನ ಟ್ರಂಕ್ ಒಂದ್ಸಲ ತೆಗೆದು ನೋಡಣ್ಣ ಅಂದೆ. ಅಂಗಡಿ ಲೆಕ್ಕ ಬಿಟ್ರೆ ಏನೂ ಇಲ್ಲ ಕಣೋ ಅಂತ ಮೂರು ಸಲ ಹೇಳಿದವನು ಮೊನ್ನೆ ಭಾನುವಾರ ವಾಟ್ಸಾಪಲ್ಲಿ ಎರಡು ಫೋಟೋ ಕಳಿಸಿದ್ದಾನೆ. ಒಂದು ಛಾಪಾ ಕಾಗದ, ಮೂರು ಜನ ಪಾಲುದಾರರ ಸಹಿ, ದೊಡ್ಡಪ್ಪನ ಸಹಿ ಕನ್ನಡದಲ್ಲಿ. ಇನ್ನೊಂದು ಮದ್ರಾಸ್ ಲ್ಯಾಬಿನ ರಸೀದಿ, ಗುಲಾಬಿ ಬಣ್ಣದ್ದು, ಮಡಿಕೆಯಲ್ಲಿ ಹರಿದಿದೆ, ಆದ್ರೆ ಪಿಕ್ಚರ್ ನೆಗೆಟಿವ್ 14 ಡಬ್ಬಿ, ಸೌಂಡ್ ನೆಗೆಟಿವ್ 14 ಡಬ್ಬಿ ಅಂತ ಕೈಬರಹ, ಪಕ್ಕದಲ್ಲಿ ನಂಬರ್ ಓದೋಕಾಗುತ್ತೆ. ಆ ಲ್ಯಾಬು ಈಗಿಲ್ಲ. ನಂಬರುಗಳನ್ನ ಬರ್ಕೊಂಡು ಪುಣೆಯ ಫಿಲ್ಮ್ ಆರ್ಕೈವ್‌ಗೆ ಒಂದು ಪತ್ರ, ಚೆನ್ನೈನಲ್ಲಿ ಹಳೇ ಲ್ಯಾಬುಗಳ ಡಬ್ಬಿ ನೋಡ್ಕೊಳ್ಳೋರಿಗೆ ಒಂದು ಪತ್ರ ಬರೆದಿದ್ದೀನಿ. ಪದ್ಯಾವಳಿಯ ಎಂಟೂ ಪುಟ ಸ್ಕ್ಯಾನ್ ಮಾಡಿ ಅದರ ಜೊತೆ ಇಟ್ಟಿದ್ದೀನಿ. ಅಣ್ಣ ರಸೀದಿನ ಪ್ಲಾಸ್ಟಿಕ್ ಕವರಿಗೆ ಹಾಕಿ, ಮನೆ ಪತ್ರದ ಜೊತೆಗೇ ಬೀರುವಲ್ಲಿ ಇಟ್ಟಿದ್ದಾನಂತೆ.